ಚೆಸ್ ಆಡ್ತಿರೋದು ಮನುಷ್ಯನಾ, ಮೊಬೈಲಾ?

ಕೊಟ್ಟೂರಿನಿಂದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಹೈಸ್ಕೂಲು ಓದೋ ಮಗ ಮೊಬೈಲ್‌ನಲ್ಲಿ ಚೆಸ್ ಆಡ್ತಾನಂತೆ, ಚೆನ್ನಾಗೇ ಆಡ್ತಾನಂತೆ. ಈಗ ಆನ್‌ಲೈನ್ ಟೂರ್ನಿಯೊಂದಕ್ಕೆ ಪ್ರವೇಶ ಶುಲ್ಕ ಕಟ್ಟು ಅಂತ ಹಠ ಹಿಡಿದಿದ್ದಾನೆ. ಗೆದ್ದರೆ ನಗದು ಬಹುಮಾನ. ಅಪ್ಪನ ಪ್ರಶ್ನೆ ಒಂದೇ: "ಆ ಕಡೆ ಕೂತು ಆಡೋನು ಮನುಷ್ಯನೇ ಅಂತ ಹೆಂಗ್ರೀ ನಂಬೋದು?"

ನೋಡಿ, ಇದು ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಇದೇ ಪ್ರಶ್ನೆ ವಿಶ್ವನಾಥನ್ ಆನಂದ್ ಎದುರಿಗೇ ಬಂದು ನಿಂತಿತ್ತು.

2021ರ ಜೂನ್ 13, ಭಾನುವಾರ. ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ಅಕ್ಷಯ ಪಾತ್ರ ಸಂಸ್ಥೆಗಾಗಿ ಚೆಸ್.ಕಾಮ್‌ನಲ್ಲಿ ಒಂದು ಆಟ ಏರ್ಪಾಡಾಗಿತ್ತು. ಒಂದು ಕಡೆ ಐದು ಬಾರಿಯ ವಿಶ್ವ ಚಾಂಪಿಯನ್ ಆನಂದ್. ಇನ್ನೊಂದು ಕಡೆ ಆಮಿರ್ ಖಾನ್, ಯಜುವೇಂದ್ರ ಚಹಲ್, ನಮ್ಮ ಕಿಚ್ಚ ಸುದೀಪ್ ಮುಂತಾದವರು. ಆನಂದ್ ಸೋತಿದ್ದು ಬೆಂಗಳೂರಿನ ಉದ್ಯಮಿ, ಝೆರೋಧಾ ಸಹ ಸಂಸ್ಥಾಪಕ ನಿಖಿಲ್ ಕಾಮತ್ ಎದುರು. ಚೆಸ್ ಬಲ್ಲವರು ಹುಬ್ಬೇರಿಸಿದರು. ಚೆಸ್.ಕಾಮ್ ಖಾತೆ ಬಂದ್ ಮಾಡಿತು. ಮಾರನೇ ದಿನ ಕಾಮತ್ ತಾವೇ ಒಪ್ಪಿಕೊಂಡರು: ಆಟ ವಿಶ್ಲೇಷಿಸುವವರ ಸಹಾಯ ಇತ್ತು, ಕಂಪ್ಯೂಟರ್ ಸಹಾಯವೂ ಇತ್ತು. ಕ್ಷಮೆಯನ್ನೂ ಕೇಳಿದರು. ಆನಂದ್ ಹೇಳಿದ್ದು ಇಷ್ಟೇ: ನಾನು ಬೋರ್ಡಿನ ಮೇಲಿದ್ದ ಸ್ಥಿತಿ ನೋಡಿ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ. ವಿಷಯ ಬೆಳೆಸೋದು ಅವರಿಗೆ ಬೇಕಿರಲಿಲ್ಲ. ಖಾತೆ ಮತ್ತೆ ತೆರೆಯಿತು.

ಗಮನಿಸಿ, ಅಲ್ಲಿ ಗೆದ್ದವರಿಗೆ ಒಂದು ಪೈಸೆ ಬಹುಮಾನ ಇರಲಿಲ್ಲ. ಆದರೂ ಹೀಗಾಯಿತು. ಇನ್ನು ದುಡ್ಡು ಇಟ್ಟರೆ?

ಸಮಸ್ಯೆಯ ಬೇರು ಸರಳ. ಇವತ್ತು ಪುಕ್ಕಟೆ ಸಿಗೋ ಸ್ಟಾಕ್‌ಫಿಶ್ ಅನ್ನೋ ಪ್ರೋಗ್ರಾಂ ಸಾಧಾರಣ ಮೊಬೈಲ್‌ನಲ್ಲೂ ಓಡುತ್ತೆ, ಯಾವ ವಿಶ್ವ ಚಾಂಪಿಯನ್ ಬಂದರೂ ಸೋಲಿಸುತ್ತೆ. ಒಂದು ಮೊಬೈಲ್‌ನಲ್ಲಿ ಆಟ, ಪಕ್ಕದ ಮೊಬೈಲ್‌ನಲ್ಲಿ ಉತ್ತರ. ಕಾಪಿ ಹೊಡೆಯೋಕೆ ಚೀಟಿಯೂ ಬೇಡ! ನಮ್ಮೂರ ಗುಡಿ ಕಟ್ಟೆಯ ಮೇಲೆ ಹುಲಿ-ಕುರಿ ಆಟ ಆಡೋರನ್ನ ನೋಡಿದ್ದೀರಲ್ಲ? ಸುತ್ತ ಹತ್ತು ಜನ ನಿಂತಿರ್ತಾರೆ. ಒಂದು ಕಲ್ಲು ಸರಿಸಿದರೂ 'ಏಯ್' ಅಂತ ಕೂಗ್ತಾರೆ. ಆನ್‌ಲೈನ್‌ನಲ್ಲಿ ಇಲ್ಲದಿರೋದು ಆ ಹತ್ತು ಜನ.

ಹಾಗಂತ ಕಳ್ಳತನ ಮೊಬೈಲ್‌ನಿಂದಲೇ ಹುಟ್ಟಿದ್ದೂ ಅಲ್ಲ. 2006ರಲ್ಲಿ ದೆಹಲಿಯ ಟೂರ್ನಿಯಲ್ಲಿ ಉಮಾಕಾಂತ್ ಶರ್ಮಾ ಎಂಬ ಆಟಗಾರ ಟೋಪಿಯೊಳಗೆ ಬ್ಲೂಟೂತ್ ಹೊಲಿಸಿಕೊಂಡು ಬಂದು ಸಿಕ್ಕಿಬಿದ್ದರು. ಹತ್ತು ವರ್ಷ ನಿಷೇಧ. ಯಾಕೆ ಸಿಕ್ಕಿಬಿದ್ದರು? ಎದುರಿಗೆ ಕೂತಿದ್ದರು, ಟೋಪಿ ತೆಗೆಸಿ ನೋಡಬಹುದಿತ್ತು.

ತಮಾಷೆ ಏನು ಗೊತ್ತಾ? ಒಂದು ಕಾಲಕ್ಕೆ ಅನುಮಾನ ಉಲ್ಟಾ ಇತ್ತು. 1997ರ ಮೇ ತಿಂಗಳಲ್ಲಿ ಐಬಿಎಂ ಕಂಪನಿಯ ಡೀಪ್ ಬ್ಲೂ ಕಂಪ್ಯೂಟರ್ ಕ್ಯಾಸ್ಪರೋವ್ ಅವರನ್ನ ಸೋಲಿಸಿತು. ಗೆದ್ದವರಿಗೆ 7 ಲಕ್ಷ ಡಾಲರ್, ಸೋತವರಿಗೆ 4 ಲಕ್ಷ. ಕಂಪ್ಯೂಟರಿಗೆ ಹಿಂದಿನಿಂದ ಮನುಷ್ಯ ಹೇಳಿಕೊಟ್ಟಿರಬೇಕು ಅಂತ ಕ್ಯಾಸ್ಪರೋವ್ ಅನುಮಾನಪಟ್ಟರು, ದಾಖಲೆ ಕೇಳಿದರು. ಐಬಿಎಂ ಒಪ್ಪಲಿಲ್ಲ, ಸಾಕ್ಷಿಯೂ ಸಿಗಲಿಲ್ಲ. ಕಂಪ್ಯೂಟರ್-ಕಂಪ್ಯೂಟರ್ ನಡುವಿನ ಆಟವೂ ಶುದ್ಧವಾಗಿ ಉಳಿಯಲಿಲ್ಲ. ರಿಬ್ಕಾ ಎಂಬ ಪ್ರೋಗ್ರಾಂ ಬೇರೆಯವರ ಕೋಡ್ ನಕಲು ಮಾಡಿದೆ ಅಂತ 2011ರಲ್ಲಿ ಅದರ ನಾಲ್ಕು ವಿಶ್ವ ಕಂಪ್ಯೂಟರ್ ಚೆಸ್ ಪ್ರಶಸ್ತಿಗಳನ್ನ ಕಿತ್ತುಕೊಂಡರು, ಬಹುಮಾನದ ಹಣ ವಾಪಸ್ ಕೊಡು ಅಂದರು. ಬರೆದವರು ಆರೋಪ ಒಪ್ಪಲಿಲ್ಲ.

ಹಾಗಾದರೆ ಆನ್‌ಲೈನ್‌ನಲ್ಲಿ ಹಿಡಿಯೋದು ಹೇಗೆ? ಒಂದು ಒಳ್ಳೇ ನಡೆ ನೋಡಿ ಯಾರೂ ಹಿಡಿಯಲ್ಲ. ಒಳ್ಳೇ ನಡೆ ಯಾರಿಗೆ ಬೇಕಾದರೂ ಹೊಳೆಯಬಹುದು. ನೋಡೋದು ಹತ್ತಾರು ಆಟಗಳನ್ನ. ಕಂಪ್ಯೂಟರ್‌ನ ಮೊದಲ ಆಯ್ಕೆ ಜೊತೆ ಎಷ್ಟು ಸಲ ತಾಳೆಯಾಯ್ತು? ಅವನ ರೇಟಿಂಗ್‌ನವರು ಸಾಮಾನ್ಯವಾಗಿ ಮಾಡೋ ತಪ್ಪುಗಳು ಇವನಲ್ಲಿ ಯಾಕಿಲ್ಲ? ಇನ್ನೊಂದು ಸುಳಿವು ಸಮಯ. ಎದುರಾಳಿಯ ಕುದುರೆ ಹೊಡೆದಾಗ ತಿರುಗಿ ಹೊಡೆಯೋಕೆ ಮನುಷ್ಯನಿಗೆ ಒಂದು ಸೆಕೆಂಡ್ ಸಾಕು, ಕಷ್ಟದ ನಡೆಗೆ ಎರಡು ನಿಮಿಷ ಬೇಕು. ಎರಡಕ್ಕೂ ಎಂಟೆಂಟೇ ಸೆಕೆಂಡ್ ತಗೊಂಡರೆ, ಪಕ್ಕದಲ್ಲಿ ಏನೋ ಇದೆ ಅಂತ ಅರ್ಥ. ಆಟಗಾರರ ಹಿಂದೆ ಎರಡನೇ ಕ್ಯಾಮೆರಾ ಇಡಿಸೋದೂ ಉಂಟು.

2020ರಲ್ಲಿ ಪ್ರೊ ಚೆಸ್ ಲೀಗ್ ಗೆದ್ದ ಅರ್ಮೇನಿಯಾ ತಂಡದ ಗ್ರ್ಯಾಂಡ್‌ಮಾಸ್ಟರ್ ಟಿಗ್ರಾನ್ ಪೆಟ್ರೋಸಿಯನ್ ಮೇಲೆ ಇದೇ ಥರದ ವಿಶ್ಲೇಷಣೆಯಿಂದ ಆಜೀವ ನಿಷೇಧ ಬಿತ್ತು. ಮೊದಲ ಬಹುಮಾನ 20 ಸಾವಿರ ಡಾಲರ್ ಆಗಿತ್ತು. ಪ್ರಶಸ್ತಿ ಎರಡನೇ ತಂಡಕ್ಕೆ ಹೋಯಿತು. ಅವರು ಈ ಆರೋಪವನ್ನ ಅಲ್ಲಗಳೆದರು. ನನಗೆ ಇಲ್ಲೇ ಚಿಂತೆ. ಗ್ರ್ಯಾಂಡ್‌ಮಾಸ್ಟರ್ ತನ್ನ ಪರ ಮಾತಾಡಬಲ್ಲ, ಅವನ ಮಾತು ಕೇಳೋಕೆ ಜಗತ್ತಿದೆ. ಕೊಟ್ಟೂರಿನ ಹುಡುಗ ನಿಯತ್ತಾಗಿ ಗೆದ್ದು, 'ನೀನು ಕಂಪ್ಯೂಟರ್ ಬಳಸಿದೆ' ಅನ್ನಿಸಿಕೊಂಡರೆ? ಕಳ್ಳ ಗೆಲ್ಲೋದು ಒಂದು ನಷ್ಟ, ಸಾಚಾ ಹುಡುಗ ಕಳ್ಳ ಅನ್ನಿಸಿಕೊಳ್ಳೋದು ಅದಕ್ಕಿಂತ ದೊಡ್ಡದು.

ಆದ್ದರಿಂದ ಆ ಅಪ್ಪನಿಗೆ ನನ್ನ ಉತ್ತರ: ಅಭ್ಯಾಸಕ್ಕೆ ಮೊಬೈಲ್‌ನಲ್ಲಿ ಎಷ್ಟಾದರೂ ಆಡಲಿ, ದುಡ್ಡಿನ ಆಟ ಮಾತ್ರ ತೀರ್ಪುಗಾರ ಕಣ್ಣೆದುರಿಗಿರೋ ಹಾಲ್‌ನಲ್ಲಿ ಆಡಲಿ. ಆನ್‌ಲೈನೇ ಅಂತಾದರೆ ದುಡ್ಡು ಕಟ್ಟೋ ಮೊದಲು ಮೂರು ಮಾತು ಬರವಣಿಗೆಯಲ್ಲಿ ಕೇಳಿ: ಮೋಸ ಪರೀಕ್ಷಿಸೋರು ಯಾರು, ಫಲಿತಾಂಶ ಯಾವಾಗ ಅಂತಿಮ, ನಮ್ಮ ಹುಡುಗನ ಮೇಲೆ ಆರೋಪ ಬಂದರೆ ಮೇಲ್ಮನವಿ ಎಲ್ಲಿಗೆ. ಉತ್ತರ ಬರಲಿಲ್ಲ ಅಂದರೆ, ಶುಲ್ಕದ ದುಡ್ಡಿಗೆ ಮಗನಿಗೊಂದು ಒಳ್ಳೇ ಚೆಸ್ ಬೋರ್ಡ್ ಕೊಡಿಸಿ.