ನೆಲ ಒಣಗಿಸಿದ ಕಾಲುವೆಗಳು

1995ರಲ್ಲಿ ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಅವರಿಗೆ ಅಕ್ಕಿಯ ಚಿಂತೆ ಹತ್ತಿತ್ತು. ಜಾವಾದ ಗದ್ದೆಗಳನ್ನು ಕಾರ್ಖಾನೆ, ಬಡಾವಣೆಗಳು ನುಂಗುತ್ತಿದ್ದವು. ಬೋರ್ನಿಯೊ ದ್ವೀಪದ ಮಧ್ಯ ಕಾಲಿಮಂತಾನ್‌ ಪ್ರಾಂತ್ಯದಲ್ಲಿ ಹತ್ತು ಲಕ್ಷ ಹೆಕ್ಟೇರ್ ಜೌಗು ಪ್ರದೇಶವನ್ನು ಭತ್ತದ ಗದ್ದೆಯಾಗಿಸಲು ಅಪ್ಪಣೆಯಾಯಿತು. ಕಾಡು ಕಡಿದರು, ನಾಲ್ಕು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಿದರು, ಜಾವಾದ ರೈತ ಕುಟುಂಬಗಳನ್ನು ತಂದು ನೆಲೆಗೊಳಿಸಿದರು.

ಭತ್ತ ಮಾತ್ರ ಕೈಹಿಡಿಯಲಿಲ್ಲ.

ಅಲ್ಲಿನ ನೆಲದ ಬಹುಪಾಲು ಪೀಟ್. ಸದಾ ನೀರು ನಿಲ್ಲುವಲ್ಲಿ ಉದುರಿದ ಎಲೆ, ಕೊಂಬೆ, ಬೇರುಗಳು ಆಮ್ಲಜನಕ ಸಿಗದೆ ಅರೆಬರೆ ಕೊಳೆತು, ಸಾವಿರಾರು ವರ್ಷ ಪದರ ಪದರವಾಗಿ ಕೂಡಿ ಆದದ್ದು. ಕೆಲವೆಡೆ ಹತ್ತು ಮೀಟರ್ ಆಳ. ಹುಳಿ, ನಿಸ್ಸತ್ವ, ಬೇಸಾಯಕ್ಕೆ ಒಗ್ಗದ್ದು. ಆದರೆ ಭೂಮಿಯ ನೆಲದಲ್ಲಿ ಸುಮಾರು ಶೇ 3ರಷ್ಟೇ ಇರುವ ಪೀಟ್, ಜಗತ್ತಿನ ಕಾಡುಗಳ ಮರಗಿಡಗಳೆಲ್ಲ ಸೇರಿ ಹಿಡಿದಿಟ್ಟದ್ದಕ್ಕಿಂತ ಹೆಚ್ಚು ಇಂಗಾಲವನ್ನು ಒಡಲಲ್ಲಿಟ್ಟುಕೊಂಡಿದೆ. ನೀರು ಬಸಿದರೆ ಗಾಳಿ ಒಳಹೊಗುತ್ತದೆ, ಕೊಳೆಯುವುದು ಶುರುವಾಗುತ್ತದೆ, ಇಂಗಾಲ ಮೇಲೇಳುತ್ತದೆ. ಬೆಂಕಿ ಬಿದ್ದರಂತೂ ಮುಗಿಯಿತು: ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ವಾರಗಟ್ಟಲೆ ಉರಿಯುತ್ತದೆ, ಜೋರು ಮಳೆ ಬಂದರಷ್ಟೇ ಆರುತ್ತದೆ.

1997ರಲ್ಲಿ ಎಲ್ ನಿನೊ ಬರ ಬಂದಾಗ ಆದದ್ದೂ ಇದೇ. ಆ ವರ್ಷ ಇಂಡೊನೇಷ್ಯಾದ ಪೀಟ್ ಮತ್ತು ಕಾಡು ಸುಟ್ಟು ಹೊರಬಿದ್ದ ಇಂಗಾಲ, ಇಡೀ ಜಗತ್ತು ವರ್ಷವೊಂದರಲ್ಲಿ ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಹೊರಬಿಡುವುದರ ಶೇ 13ರಿಂದ 40ರಷ್ಟು ಎಂದು ವಿಜ್ಞಾನಿ ಸೂಸನ್ ಪೇಜ್ ಮತ್ತು ಸಂಗಡಿಗರು 2002ರಲ್ಲಿ ಅಂದಾಜಿಸಿದರು. ಭತ್ತದ ಯೋಜನೆಯನ್ನು ಸರ್ಕಾರ 1999ರ ಹೊತ್ತಿಗೆ ಕೈಬಿಟ್ಟಿತು. ಕಾಲುವೆಗಳು ಹಾಗೇ ಉಳಿದು ನೀರು ಬಸಿಯುತ್ತಲೇ ಇದ್ದವು. ಅತ್ತ ಸುಮಾತ್ರಾದಲ್ಲಿ, ಬೋರ್ನಿಯೊದ ಇತರೆಡೆ ಪೀಟ್ ಒಣಗಿಸಿ ತಾಳೆ ತೋಟಗಳೆದ್ದವು. ತಾಳೆ ಎಣ್ಣೆ ಆಮದಿನಲ್ಲಿ ಮೊದಲ ಸಾಲಿನಲ್ಲಿರುವುದು ಭಾರತ. ನಮ್ಮ ಬೇಕರಿ ಬಿಸ್ಕತ್ತಿಗೂ ಆ ಒಣಗಿದ ನೆಲಕ್ಕೂ ನಂಟಿದೆ.

2015ರಲ್ಲಿ ಇಂಡೊನೇಷ್ಯಾದಲ್ಲಿ ಮತ್ತೆ ಬೆಂಕಿ ಎದ್ದು 26 ಲಕ್ಷ ಹೆಕ್ಟೇರ್ ಸುಟ್ಟಿತು. ಹೊಗೆ ಕಡಲು ದಾಟಿ ಸಿಂಗಪುರದ ಶಾಲೆಗಳನ್ನೂ ಮುಚ್ಚಿಸಿತು. ನಷ್ಟ 1,600 ಕೋಟಿ ಡಾಲರ್‌ಗೂ ಹೆಚ್ಚು ಎಂದಿತು ವಿಶ್ವಬ್ಯಾಂಕ್. ಮರುವರ್ಷ ಅಧ್ಯಕ್ಷ ಜೊಕೊ ವಿಡೊಡೊ ಪೀಟ್ ಪುನಶ್ಚೇತನಕ್ಕೇ ಒಂದು ಸಂಸ್ಥೆ ಕಟ್ಟಿದರು. ತೋಟಗಳಲ್ಲಿ ಅಂತರ್ಜಲ ನೆಲಮಟ್ಟದಿಂದ 40 ಸೆಂಟಿಮೀಟರ್‌ಗಿಂತ ಕೆಳಗಿಳಿಯಬಾರದೆಂಬ ನಿಯಮವೂ ಬಂತು. ಇದೇ ವಿಡೊಡೊ 2020ರಲ್ಲಿ ಕಾಲಿಮಂತಾನ್‌ನ ಆ ಹಳೆಯ ನೆಲದ ಒಂದು ಭಾಗದಲ್ಲಿ ಮತ್ತೆ ಭತ್ತದ ಯೋಜನೆ ಸಾರಿದರೆಂಬುದು ಬೇರೆ ಮಾತು.

ಸಸಿ ನೆಡುವ ಫೋಟೊಗೆ ಸಿಗುವ ಮರ್ಯಾದೆ ಕಾಲುವೆ ಮುಚ್ಚುವವರಿಗೆ ಸಿಗುವುದಿಲ್ಲ. ಆದರೂ ಪೀಟ್ ಉಳಿಸಲು ಮೊದಲು ಆಗಬೇಕಾದದ್ದು ಅದೇ: ಮರದ ದಿಮ್ಮಿ, ಮಣ್ಣಿನ ಮೂಟೆಗಳಿಂದ ಅಡ್ಡಕಟ್ಟೆ ಹಾಕಿ ನೀರು ನಿಲ್ಲಿಸುವುದು. ತೊಡಕೂ ಅಲ್ಲೇ ಇದೆ. ಇಷ್ಟು ವರ್ಷಗಳಲ್ಲಿ ಕಾಲುವೆಯೇ ಊರವರ ರಸ್ತೆಯಾಗಿದೆ. ತೋಟಕ್ಕೆ, ಮೀನಿಗೆ ದೋಣಿ ಹೋಗುವುದು ಅದರಲ್ಲೇ. ಅವರನ್ನು ಕೇಳದೆ ಹಾಕಿದ ಎಷ್ಟೋ ಕಟ್ಟೆಗಳು ಒಡೆದುಹೋಗಿವೆ. ಈಗ ಹಲವೆಡೆ ನೀರೂ ನಿಲ್ಲುವಂತೆ, ದೋಣಿಯೂ ದಾಟುವಂತೆ ನಡುವೆ ಕಿಂಡಿ ಬಿಟ್ಟು ಕಟ್ಟುತ್ತಾರೆ.