ಪ್ರವಾಸ ವರದಿಗೆ ತಲೆಬರಹ ಇಡುವ ಬಗೆ: ಕೋಲಾರ ಸೀಮೆಯ ವರದಿಗಳಿಂದ ಕೆಲವು ಉದಾಹರಣೆಗಳು

ಅಧ್ಯಯನ ಪ್ರವಾಸಕ್ಕೆ ಹೋಗಿಬಂದ ಸದಸ್ಯರು ತಾವು ಕಂಡದ್ದನ್ನು ನಾಲ್ಕು ಪುಟಗಳಲ್ಲಿ ಬರೆದು ಸಂಘಕ್ಕೆ ಒಪ್ಪಿಸಬೇಕೆಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಒಂದು ಬಸ್ಸಿನಲ್ಲಿ ಹೋಗುವವರು ಕೆಲವೇ ಮಂದಿ; ಕೆಲಸದ ಆಳು ಸಿಗದೆ, ಮನೆ ಬಿಡಲಾಗದೆ ತೋಟದಲ್ಲೇ ಉಳಿಯುವವರು ಬಹು ಮಂದಿ. ‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಗಾದೆಯುಂಟಷ್ಟೆ. ದೇಶ ಸುತ್ತಿದವರು ಉಳಿದವರಿಗಾಗಿ ಬರೆದಿಡುವ ಕೋಶವೇ ಈ ವರದಿಗಳು.

ಈಚಿನ ವರ್ಷಗಳಲ್ಲಿ ನಮ್ಮವರು ಹೆಚ್ಚಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಗೆ ಹೋಗಿಬಂದಿದ್ದಾರೆ. ಕಾಫಿಯೂ ಅಡಿಕೆಯೂ ಮುಖ್ಯ ಬೆಳೆಯಲ್ಲದ ಆ ಸೀಮೆಗೆ ಏಕೆ ಹೋಗಬೇಕೆಂದು ಕೆಲವರು ಕೇಳುವುದುಂಟು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಅದು. ಸಾವಿರ ಅಡಿಗೂ ಕೆಳಗಿಳಿದ ಕೊಳವೆ ಬಾವಿಗಳ ನಡುವೆ ಮಾವು, ತರಕಾರಿ, ರೇಷ್ಮೆ, ಹಾಲು ಇಷ್ಟನ್ನೂ ನಡೆಸಿಕೊಂಡು ಬಂದ ರೈತರಿಂದ ನೀರಿನ ಲೆಕ್ಕವನ್ನು ಕಲಿಯುವುದು ಬಹಳವಿದೆ. ಕಡೂರು, ತರೀಕೆರೆ ಕಡೆಯ ನಮ್ಮ ಅಡಿಕೆ ಬೆಳೆಗಾರರಿಗಂತೂ ಅದು ಇಂದೇ ಬೇಕಾದ ಪಾಠ.

ವರದಿಗಳು ತಪ್ಪದೆ ಬಂದಿವೆ; ಬರವಣಿಗೆಯೂ ಚೆನ್ನಾಗಿದೆ. ಕೊರತೆಯಿರುವುದು ತಲೆಬರಹಗಳಲ್ಲಿ. ಕಚೇರಿಯ ಕಪಾಟಿನಲ್ಲಿರುವ ಕಟ್ಟನ್ನು ಬಿಚ್ಚಿದರೆ ಕಾಣುವುದು ಇವು: ‘ಕೋಲಾರ ಪ್ರವಾಸ’, ‘ನಮ್ಮ ಕೋಲಾರ ಪ್ರವಾಸ’, ‘ಮರೆಯಲಾಗದ ಮೂರು ದಿನಗಳು’, ‘ಮೂಡಲ ಸೀಮೆಯ ಮಧುರ ನೆನಪು’, ‘ಚಿನ್ನದ ನಾಡಿನಲ್ಲಿ’. ಇವುಗಳಲ್ಲಿ ಯಾವುದರೊಳಗೆ ನೀರಿನ ವಿಷಯವಿದೆ, ಯಾವುದರಲ್ಲಿ ಮಾರುಕಟ್ಟೆಯ ವಿಷಯವಿದೆ ಎಂಬುದನ್ನು ತೆರೆದು ಓದದೆ ಯಾರೂ ಹೇಳಲಾರರು.

ಇದರಿಂದ ಆಗುವ ನಷ್ಟ

ತಲೆಬರಹ ಅಲಂಕಾರದ ಮಾತು, ಅದರಿಂದ ಯಾರಿಗೂ ನಷ್ಟವಿಲ್ಲ ಎಂದು ತಿಳಿಯುವವರಿಗಾಗಿ ಒಂದು ಸಂಗತಿ ಹೇಳಬೇಕು. ಬಯಲು ಅಂಚಿನ ಸದಸ್ಯರೊಬ್ಬರ ಅಡಿಕೆ ತೋಟಕ್ಕೆ ಎರಡು ಬೇಸಿಗೆ ನೀರು ಸಾಲದೆ ಹೋಯಿತು. ಮೂರನೆಯ ಕೊಳವೆ ಬಾವಿ ಕೊರೆಸುವ ಮುನ್ನ ಅವರು ಕಚೇರಿಗೆ ಬಂದು, ಇಂಥ ಸ್ಥಿತಿಯಲ್ಲಿ ಬೇರೆಡೆಯವರು ಏನು ಮಾಡಿದ್ದಾರೆಂದು ತಿಳಿಯಲು ವರದಿಗಳ ಕಟ್ಟನ್ನು ಮಗುಚಿದರು. ಅರ್ಧ ಗಂಟೆ ನೋಡಿ, ಎಲ್ಲವೂ ದೇವಸ್ಥಾನ ಊಟೋಪಚಾರಗಳ ವರ್ಣನೆಯೆಂದು ಭಾವಿಸಿ ಕಟ್ಟಿಟ್ಟು ಹೋದರು. ಬಾವಿ ಕೊರೆಸಿದರು, ಧೂಳು ಬಂತು, ನೀರು ಬರಲಿಲ್ಲ.

‘ಮೂಡಲ ಸೀಮೆಯ ಮಧುರ ನೆನಪು’ ಎಂಬ ವರದಿಯ ಮೂರನೆಯ ಪುಟದಲ್ಲಿ ಅವರಿಗೆ ಬೇಕಾದದ್ದು ಇತ್ತು. ಶ್ರೀನಿವಾಸಪುರದ ಕಡೆಯ ಮಾವಿನ ಬೆಳೆಗಾರರೊಬ್ಬರು ಬಾವಿಗಳ ಮೇಲೆ ಬಾವಿ ಬತ್ತಿದ ಮೇಲೆ ಹೊಸದನ್ನು ಕೊರೆಸುವುದು ಬಿಟ್ಟು, ಜಮೀನಿನ ತಗ್ಗಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡ ಮಾಡಿದ್ದು, ಹಳೆಯ ಬಾವಿಯ ಸುತ್ತ ಗುಂಡಿ ತೆಗೆದು ಕಲ್ಲು ಜಲ್ಲಿ ಮರಳು ತುಂಬಿ ಮಳೆನೀರನ್ನು ಇಂಗಿಸಿದ್ದು, ಇರುವ ನೀರನ್ನು ಹನಿ ನೀರಾವರಿಯಲ್ಲಿ ಹಂಚಿದ್ದು, ಎಲ್ಲವೂ ಅಳತೆಯ ಸಹಿತ ಅಲ್ಲಿ ಬರೆದಿತ್ತು. ಅದನ್ನು ಓದಿದ್ದರೆ ನಮ್ಮ ಸದಸ್ಯರು ಬಾವಿ ಕೊರೆಸುತ್ತಲೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ತಿಳಿದು ಕೊರೆಸುವುದು ಬೇರೆ, ತಿಳಿಯದೆ ಕೊರೆಸುವುದು ಬೇರೆ. ವರದಿ ಬರೆದವರ ಶ್ರಮವೂ ಹೋಯಿತು, ಇವರ ಹಣವೂ ಹೋಯಿತು.

ಮೂಟೆಯ ಮೇಲಿನ ಗುರುತು

ನಾವು ಅಡಿಕೆ ಮೂಟೆಯ ಮೇಲೆ ‘ಒಳ್ಳೆಯ ಅಡಿಕೆ’ ಎಂದು ಬರೆಯುವುದಿಲ್ಲ. ರಾಶಿ, ಬೆಟ್ಟೆ, ಗೊರಬಲು ಎಂದು ಗುರುತು ಹಾಕುತ್ತೇವೆ. ಕಾಫಿಯಾದರೆ ಅರೇಬಿಕಾವೋ ರೊಬಸ್ಟಾವೋ, ಪಾರ್ಚ್‌ಮೆಂಟೋ ಚೆರಿಯೋ ಎಂಬುದು ಮೊದಲು ತಿಳಿಯಬೇಕು. ಬೆಲೆಯ ಮಾತು ಆಮೇಲೆ. ಮೂಟೆ ಬಿಚ್ಚದೆಯೇ ಒಳಗಿನ ಮಾಲು ತಿಳಿಯಲೆಂದೇ ಆ ಗುರುತು. ವರದಿಯ ತಲೆಬರಹಕ್ಕೂ ಅದೇ ಕೆಲಸ. ಪ್ರವಾಸಕ್ಕೆ ಹೋದವನಿಗೆ ಅದರ ಅಗತ್ಯವಿಲ್ಲ, ಏಕೆಂದರೆ ಒಳಗೇನಿದೆಯೆಂದು ಅವನಿಗೆ ಗೊತ್ತು. ಹೋಗದವನಿಗೆ, ಅದೂ ಎರಡು ವರ್ಷ ಕಳೆದು ಅವಸರದಲ್ಲಿ ಹುಡುಕುವವನಿಗೆ, ಅದು ಬೇಕು.

ಊರ ಹೆಸರುಗಳಲ್ಲೇ ಈ ಭೇದ ಕಾಣುತ್ತದೆ. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಮೈಸೂರು ಸೀಮೆಗೆ ಪೂರ್ವದಿಂದ ಬರುವವನಿಗೆ ತಾನೆಲ್ಲಿದ್ದೇನೆಂಬುದನ್ನು ಆ ಹೆಸರೇ ಹೇಳುತ್ತಿತ್ತು. ಹಿಂದೆ ಪಾಪನಪಲ್ಲಿ ಎನಿಸಿದ್ದ ಊರು ದಿವಾನ್ ಪೂರ್ಣಯ್ಯನವರ ಮಗನ ಹೆಸರಿನಿಂದ ಶ್ರೀನಿವಾಸಪುರವಾಯಿತೆಂದು ಗೆಜೆಟಿಯರ್ ಹೇಳುತ್ತದೆ. ಗೌರವಕ್ಕೆ ಇಟ್ಟ ಹೆಸರು ಅದು, ಸರಿಯೇ. ಆದರೆ ಅಲ್ಲಿ ಮಾವಿನ ತೋಪುಗಳಿವೆಯೆಂದು ಆ ಹೆಸರಿನಿಂದ ತಿಳಿಯುವುದಿಲ್ಲ. ನಮ್ಮ ವರದಿಗಳಿಗೆ ಮುಳಬಾಗಿಲಿನಂಥ ಹೆಸರು ಬೇಕು.

ಸಾಹಿತ್ಯದ ಹೆಸರು ಬೇರೆ, ವರದಿಯ ಹೆಸರು ಬೇರೆ

ದೊಡ್ಡ ಲೇಖಕರು ಪ್ರವಾಸ ಗ್ರಂಥಗಳಿಗೆ ಸುಂದರವಾದ ಹೆಸರಿಟ್ಟಿಲ್ಲವೇ ಎಂದು ಒಬ್ಬರು ಕೇಳಿದರು. ಇಟ್ಟಿದ್ದಾರೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಮಗ, ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡು ಅಲೆದು ಗಿಡಮರಗಳನ್ನು ತೋರಿಸಿದ ಕಥನಕ್ಕೆ ‘ಹಸುರು ಹೊನ್ನು’ ಎಂದು ಹೆಸರಿಟ್ಟರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕವನ್ನು ನಾವು ಸಂತೋಷಕ್ಕಾಗಿ, ಮೊದಲಿನಿಂದ ಕೊನೆಯವರೆಗೆ ಓದುತ್ತೇವೆ. ಪ್ರವಾಸ ವರದಿಯನ್ನು ಹಾಗೆ ಓದುವವರಿಲ್ಲ. ಬೇಕಾದ ಪುಟವನ್ನು ಹುಡುಕುತ್ತೇವೆ. ಇನ್ನು, ‘ಅಮೆರಿಕಾದಲ್ಲಿ ಗೊರೂರು’ ಎಂಬ ಹೆಸರು ಎಲ್ಲಿಗೆ, ಯಾರು ಎಂಬೆರಡನ್ನೂ ಎರಡೇ ಮಾತಿನಲ್ಲಿ ಹೇಳಿಬಿಡುತ್ತದೆ. ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಯಾವ ವಯಸ್ಸಿನ ಕಣ್ಣಿನಿಂದ ಕಂಡದ್ದೆಂಬುದನ್ನೂ ಸೇರಿಸಿ ಹೇಳುತ್ತದೆ. ಸರಸವಾಗಿದ್ದೂ ಸ್ಪಷ್ಟವಾಗಿರುವುದು ಸಾಧ್ಯ.

ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ಉದಾಹರಣೆ ಹಳೆಯದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ನಮ್ಮ ಅಡಿಕೆ ತೋಟಗಳ ಕ್ರಮವನ್ನೂ ವಿವರವಾಗಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ವರದಿಯ ಹೆಸರು ಒಂದು ಪುಟವನ್ನೇ ತುಂಬುತ್ತದೆ: ಎಲ್ಲಿಂದ ಹೊರಟದ್ದು, ಯಾವ ಸೀಮೆಗಳ ಮೂಲಕ ಹೋದದ್ದು, ಬೇಸಾಯ ಕಸಬು ವ್ಯಾಪಾರಗಳ ಸ್ಥಿತಿ ತಿಳಿಯಲೆಂದೇ ಹೋದದ್ದು ಎಂಬುದೆಲ್ಲ ಅದರಲ್ಲೇ ಇದೆ. ಅಷ್ಟು ಉದ್ದ ನಮಗೆ ಬೇಡ. ಆದರೆ ಇನ್ನೂರು ವರ್ಷಗಳ ಮೇಲೂ ಅದನ್ನು ಹುಡುಕುವವನು ದಾರಿ ತಪ್ಪುವುದಿಲ್ಲ ಎಂಬುದು ಗಮನಾರ್ಹ.

ನಾಲ್ಕು ಅಂಶಗಳು

ತಲೆಬರಹದಲ್ಲಿ ಊರು, ಬೆಳೆ ಅಥವಾ ಕೆಲಸ, ಕಾಲ, ಕಂಡ ಫಲ ಈ ನಾಲ್ಕರಲ್ಲಿ ಮೂರಾದರೂ ಇರಲಿ.

*ಊರು.* ‘ಕೋಲಾರ’ ಎಂದಷ್ಟೇ ಬರೆದರೆ ಸಾಲದು. ಬೆಂಗಳೂರಿಗೆ ಅಂಟಿಕೊಂಡ ಮಾಲೂರಿನ ಪರಿಸ್ಥಿತಿ ಬೇರೆ, ಆಂಧ್ರದ ಗಡಿಯ ಶ್ರೀನಿವಾಸಪುರದ್ದು ಬೇರೆ. ತಾಲ್ಲೂಕಿನ ಹೆಸರು, ಸಾಧ್ಯವಾದರೆ ಹಳ್ಳಿಯ ಹೆಸರು ಬರಲಿ. ‘ಚಿನ್ನದ ನಾಡಿನಲ್ಲಿ’ ಎಂಬ ವರದಿಯಲ್ಲಿ ಇರುವುದು ಹೊಗಳಗೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದ ಮಾವಿನ ತಳಿಗಳ ವಿಚಾರ. ಚಿನ್ನದ ಗಣಿಗಳು ಇರುವುದು ಕೆ.ಜಿ.ಎಫ್.ನಲ್ಲಿ, ಅವು ಮುಚ್ಚಿದ್ದು 2001ರಲ್ಲಿ. ಆ ಹೆಸರು ನೋಡಿದವನು ಗಣಿಯನ್ನು ನಿರೀಕ್ಷಿಸುತ್ತಾನೆ. ಮಾವು ಬೇಕಾದವನು ಆ ಕಡೆ ತಿರುಗಿಯೂ ನೋಡುವುದಿಲ್ಲ.

*ಬೆಳೆ ಅಥವಾ ಕೆಲಸ.* ‘ಮಾಲೂರಿನ ಸೊಬಗು’ ಎಂಬುದಕ್ಕೆ ಬದಲು ‘ಮಾಲೂರು: ನೆರಳು ಪರದೆಯ ಕೆಳಗೆ ಟ್ರೇಗಳಲ್ಲಿ ಸಸಿ ಬೆಳೆಸುವ ವಿಧಾನ’ ಎಂದಿದ್ದರೆ, ಮನೆಯಲ್ಲೇ ಕಾಫಿ, ಮೆಣಸಿನ ಸಸಿಮಡಿ ಮಾಡುವ ಸದಸ್ಯರು ಕೂಡಲೇ ಕೈಗೆತ್ತಿಕೊಳ್ಳುತ್ತಿದ್ದರು. ಕುರುಡುಮಲೆಯ ಗಣಪತಿಯ ದರ್ಶನ, ಆವನಿಯ ದೇವಾಲಯಗಳು, ಮುಳಬಾಗಿಲು ದೋಸೆ ಇವನ್ನೂ ಬರೆಯಿರಿ. ಪ್ರವಾಸವೆಂದ ಮೇಲೆ ಅವೂ ಇರಬೇಕಾದದ್ದೇ. ಆದರೆ ಅದನ್ನು ಬೇರೆ ಹಾಳೆಯಲ್ಲಿ, ಬೇರೆ ಹೆಸರಿನಲ್ಲಿ ಬರೆಯುವುದು ಒಳ್ಳೆಯದು. ಎರಡು ವಿಷಯ ಒಂದೇ ತಲೆಬರಹದಡಿ ಕೂತರೆ ಒಂದು ಇನ್ನೊಂದನ್ನು ಮರೆಮಾಡುತ್ತದೆ.

*ಕಾಲ.* ತಿಂಗಳು ಮತ್ತು ವರ್ಷ ಬಿಡಲೇಬೇಡಿ. ಕೋಲಾರದ ಟೊಮೇಟೊ ಮಂಡಿಯಲ್ಲಿ 15 ಕೆ.ಜಿ.ಯ ಪೆಟ್ಟಿಗೆ 2023ರ ಜುಲೈಯಲ್ಲಿ ಎರಡು ಸಾವಿರ ರೂಪಾಯಿ ದಾಟಿತು. ಅದೇ ಸೀಮೆಯ ರೈತರು ಬೆಲೆ ಬಿದ್ದ ಕಾಲದಲ್ಲಿ ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದೂ ಉಂಟು. ‘ಟೊಮೇಟೊಗೆ ಬಂಗಾರದ ಬೆಲೆ’ ಎಂದು ತಾರೀಖಿಲ್ಲದೆ ಬರೆದ ತಲೆಬರಹವನ್ನು ನಂಬಿ ಯಾರಾದರೂ ಗದ್ದೆಗೆ ಸಸಿ ನೆಟ್ಟರೆ ಹೊಣೆ ಯಾರದು? ಮಾವಿನ ತೋಪನ್ನು ನವೆಂಬರಿನಲ್ಲಿ ಕಂಡವರಿಗೂ ಕೊಯ್ಲಿನ ಜೂನ್‌ನಲ್ಲಿ ಕಂಡವರಿಗೂ ಒಂದೇ ತೋಪು ಬೇರೆ ಬೇರೆಯಾಗಿ ಕಾಣುತ್ತದೆ.

*ಫಲ.* ನೋಡಿದ್ದರಿಂದ ಏನು ತಿಳಿಯಿತೆಂಬುದು ತಲೆಬರಹದಲ್ಲೇ ಬಂದರೆ ಅತ್ಯುತ್ತಮ. ಫಲಿಸದ ಪ್ರಯತ್ನವನ್ನು ಹೇಳಲು ಸಂಕೋಚ ಬೇಡ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಮಾವನ್ನು ತಡೆದಾಗ, ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನೆಚ್ಚಿದ್ದ ಶ್ರೀನಿವಾಸಪುರದ ಬೆಳೆಗಾರರು ಬೀದಿಗೆ ಬಂದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ, 2.5 ಲಕ್ಷ ಟನ್‌ವರೆಗೆ, ಬೆಲೆಯ ಅಂತರ ತುಂಬಿಕೊಡಲು ಒಪ್ಪಿತು. ಇದನ್ನು ವಿವರಿಸಿದ ವರದಿಗೆ ‘ಹಣ್ಣುಗಳ ರಾಜನ ಊರಿನಲ್ಲಿ’ ಎಂಬ ಹೆಸರಿದೆ. ‘ಶ್ರೀನಿವಾಸಪುರ, ಜೂನ್ 2025: ಒಂದೇ ಕಡೆಯ ಖರೀದಿದಾರರನ್ನು ನೆಚ್ಚಿದ ಮಾವು ಬೆಳೆಗಾರರ ಪಾಡು’ ಎಂದಿದ್ದರೆ ಅಡಿಕೆ ಬೆಳೆಗಾರನೂ ತನ್ನ ವಿಷಯವೆಂದು ಓದುತ್ತಿದ್ದ.

ಹೆಚ್ಚು ಹೇಳುವುದೂ ತಪ್ಪೇ

ಏನನ್ನೂ ಹೇಳದ ತಲೆಬರಹಕ್ಕಿಂತ ಇಲ್ಲದ್ದನ್ನು ಹೇಳುವ ತಲೆಬರಹ ಹೆಚ್ಚು ಅಪಾಯಕರ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂಬಂತಾಗಬಾರದು. ‘ನೀರಿನ ಬವಣೆಗೆ ಶಾಶ್ವತ ಪರಿಹಾರ’ ಎಂದು ಒಂದು ಕೃಷಿಹೊಂಡವನ್ನು ನೋಡಿ ಬರೆಯುವುದು ಸಲ್ಲದು.

ವಿವಾದವಿರುವ ಕಡೆ ಇನ್ನೂ ಎಚ್ಚರ ಬೇಕು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಹರಿಯಿತು. ಅಂತರ್ಜಲ ಹೆಚ್ಚಿಸುವುದು ಅದರ ಉದ್ದೇಶ. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡಿತೆಂದು ಸಂತೋಷಪಡುವ ರೈತರೂ ಇದ್ದಾರೆ. ಮೂರನೆಯ ಹಂತದ ಸಂಸ್ಕರಣೆ ಆಗದ ನೀರು ನೆಲಕ್ಕೂ ಬಾವಿಗೂ ಕೇಡೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಇದ್ದಾರೆ. ‘ಕೋಲಾರಕ್ಕೆ ಗಂಗೆ ಬಂದಳು’ ಎಂಬ ತಲೆಬರಹ ಒಂದು ಪಕ್ಷದ ತೀರ್ಪಾಯಿತು. ‘ಕೋಲಾರಕ್ಕೆ ವಿಷ’ ಎಂಬುದು ಇನ್ನೊಂದು ಪಕ್ಷದ್ದು. ‘ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು: ಅಲ್ಲಿನ ರೈತರ ಎರಡು ಅಭಿಪ್ರಾಯಗಳು’ ಎಂದರೆ ವರದಿಯಲ್ಲಿರುವುದನ್ನು ಇದ್ದಂತೆ ಹೇಳಿದ ಹಾಗಾಗುತ್ತದೆ.

ಬರೆಯುವುದು ನಮ್ಮ ಕಸುಬಲ್ಲವೆಂದು ಹಿಂಜರಿಯುವವರು ಪುತ್ತೂರಿನ ‘ಅಡಿಕೆ ಪತ್ರಿಕೆ’ಯನ್ನು ನೆನೆಯಬೇಕು. 1988ರಲ್ಲಿ ಆರಂಭವಾದ ಆ ಮಾಸಿಕವು ಶ್ರೀ ಪಡ್ರೆಯವರ ನೇತೃತ್ವದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟ ಮಾಡುವವರೇ ತೋಟದ ವಿಷಯ ಬರೆದರು, ತೋಟ ಮಾಡುವವರೇ ಓದಿದರು. ನಮ್ಮಿಂದಲೂ ಆಗದ ಕೆಲಸವೇನಲ್ಲ.

ಮುಂದಿನ ಪ್ರವಾಸಕ್ಕೆ

ವರದಿ ಬರೆದು ಮುಗಿಸಿದ ಮೇಲೆಯೇ ತಲೆಬರಹ ಬರೆಯಿರಿ. ಮೊದಲೇ ಬರೆದರೆ ಹೊರಟ ಉತ್ಸಾಹ ಅದರಲ್ಲಿ ಇರುತ್ತದೆ, ಕಂಡ ವಿಷಯ ಇರುವುದಿಲ್ಲ. ಮುಖ್ಯ ಮಾತು ಮೊದಲ ನಾಲ್ಕೈದು ಪದಗಳಲ್ಲಿ ಬರಲಿ. ಕಟ್ಟಿನ ಅಂಚಿನಲ್ಲಿ ಬೆರಳಾಡಿಸುವವನಿಗೆ ಕಾಣುವುದು ಅಷ್ಟೇ. ಬಳಿಕ ಪ್ರವಾಸಕ್ಕೆ ಬಾರದ ನೆರೆಯವರೊಬ್ಬರಿಗೆ ತಲೆಬರಹವನ್ನು ಮಾತ್ರ ಓದಿ ಹೇಳಿ, ಒಳಗೇನಿರಬಹುದೆಂದು ಕೇಳಿ. ಅವರು ಹೇಳಿದ್ದಕ್ಕೂ ನೀವು ಬರೆದದ್ದಕ್ಕೂ ಹೊಂದಿದರೆ ಹಾಗೇ ಇರಲಿ, ಹೊಂದದಿದ್ದರೆ ತಿದ್ದಿ.

ಕಪಾಟಿನಲ್ಲಿರುವ ಹಳೆಯ ವರದಿಗಳನ್ನು ಬರೆದ ಸದಸ್ಯರು ಕಚೇರಿಗೆ ಬಂದಾಗ ತಮ್ಮ ವರದಿಯ ಮೇಲೆ ಇನ್ನೊಂದು ಗೆರೆ ಬರೆದುಕೊಡಬೇಕೆಂದು ವಿನಂತಿ. ಹಳೆಯ ಹೆಸರನ್ನು ಹೊಡೆದುಹಾಕಬೇಕಿಲ್ಲ. ಅದರ ಕೆಳಗೆ ಊರು, ವಿಷಯ, ತಿಂಗಳು, ವರ್ಷ ಸೇರಿಸಿದರೆ ಸಾಕು. ಐದು ನಿಮಿಷದ ಕೆಲಸ. ಬೇಸಿಗೆ ಬರುವುದರೊಳಗೆ ಅದು ಮುಗಿದಿದ್ದರೆ, ನೀರಿಗಾಗಿ ಆ ಕಟ್ಟು ಬಿಚ್ಚುವ ಮುಂದಿನವರು ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.