ಹಾವಿನ ಮುಂದೆ ನೀರಿಡಿ, ಬಾಯಿಗೆ ಹೊಯ್ಯಬೇಡಿ

ನಾಗರಪಂಚಮಿಗೆ ತನಿ ಎರೆಯುವುದನ್ನು ನೋಡುತ್ತ ಬೆಳೆದವರು ನಾವು. ಹಾವಿಗೂ ಬಾಯಾರುತ್ತದೆ, ಆಗ ಅದಕ್ಕೆ ಬೇಕಾಗುವುದು ನೀರು ಎಂಬ ಸರಳ ಸಂಗತಿ ನಮ್ಮ ತಲೆಗೆ ಹೋಗಿದ್ದು ತಡವಾಗಿ. ಅಮೆರಿಕ, ಇಂಗ್ಲೆಂಡುಗಳಲ್ಲಿ ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ಗಳು ಸಾಕುಪ್ರಾಣಿ ಅಂಗಡಿಗಳಲ್ಲೇ ಸಿಗುತ್ತವೆ. ಅಲ್ಲಿ ಬೆಳೆಯುವ ನಮ್ಮವರ ಮಕ್ಕಳೂ ಒಂದು ಬೇಕೆಂದು ಹಟ ಹಿಡಿಯಬಹುದು. ಭಾರತದಲ್ಲಿ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಸಾಕಿದವರು 2024ರ ನಿಯಮಗಳಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಇಲ್ಲಿರುವುದು ಅಂಥ ಕಾನೂನುಬದ್ಧ ಸಾಕುಹಾವುಗಳ ಮಾತು. ನೀರಿನ ವಿಷಯದಲ್ಲಿ ಅವುಗಳಿಗೆ ಆಗುವ ಹಾನಿಯಲ್ಲಿ ಹೆಚ್ಚಿನದು ನಮ್ಮ ಅಲಕ್ಷ್ಯದಿಂದ ಇಲ್ಲವೇ ನಮ್ಮ ಅತಿ ಕಾಳಜಿಯಿಂದ ಆಗುವಂಥದು.

ಹಾವು ಹಾಲು ಕುಡಿಯುತ್ತದೆ, ನೀರಿಗಿಂತ ಹಾಲು ಅದಕ್ಕೆ ಪುಷ್ಟಿ ಎಂಬ ನಂಬಿಕೆ.

ವಾಸ್ತವ: ಹುತ್ತಕ್ಕೆ ಕೈಮುಗಿಯುವ ಭಕ್ತಿಯ ಬಗ್ಗೆ ತಕರಾರಿಲ್ಲ. ತಕರಾರಿರುವುದು ಹಾಲಿನ ಬಗ್ಗೆ. ಹಾವು ಸರೀಸೃಪ, ಮರಿಗೆ ಹಾಲೂಡಿಸುವ ಕುಲವೇ ಅದರದ್ದಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಹಾಗಾದರೆ ಹಬ್ಬದ ದಿನ ಹಾವಾಡಿಗರ ಬುಟ್ಟಿಯ ಹಾವು ಬಟ್ಟಲಿಗೆ ಬಾಯಿಟ್ಟದ್ದನ್ನು ನಾವೇ ಕಂಡಿದ್ದೇವಲ್ಲ? ಕಂಡದ್ದು ಸುಳ್ಳಲ್ಲ, ಅದರ ಅರ್ಥ ಬೇರೆ. ಹಬ್ಬಕ್ಕೆ ಮೊದಲು ದಿನಗಟ್ಟಲೆ ಅದಕ್ಕೆ ಒಂದು ಹನಿ ನೀರೂ ಕೊಟ್ಟಿರುವುದಿಲ್ಲ. ಅಷ್ಟು ಬಾಯಾರಿದ ಜೀವ ಎದುರಿಗೆ ಬಂದ ಯಾವ ದ್ರವವನ್ನಾದರೂ ಹೀರುತ್ತದೆ. ತಲೆ ಹಿಡಿದು ಹಾಲಲ್ಲಿ ಅದ್ದಿದಾಗಲಂತೂ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದುಂಟು. ಸಾಕುಹಾವಿಗೆ ಹಬ್ಬದ ದಿನವೂ ನೀರೇ ಸಾಕು.

ಇಲಿಯ ಮೈಯಲ್ಲೇ ಬೇಕಾದಷ್ಟು ನೀರಿದೆ, ಬೇರೆ ಕೊಡಬೇಕಿಲ್ಲ ಎಂಬ ಲೆಕ್ಕಾಚಾರ.

ವಾಸ್ತವ: ಕೇಳಲು ತರ್ಕಬದ್ಧವಾಗಿದೆ, ಇಲಿಯ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಆದರೆ ಮಾಂಸವನ್ನು ಅರಗಿಸುವುದಕ್ಕೂ, ಅದರ ಕಲ್ಮಷವನ್ನು ಹೊರಹಾಕುವುದಕ್ಕೂ ದೇಹ ನೀರು ಖರ್ಚು ಮಾಡುತ್ತದೆ. ಅಮೆರಿಕದ ಮರುಭೂಮಿಯ ರ‍್ಯಾಟಲ್ ಹಾವುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಊಟದಿಂದ ಅವುಗಳ ನೀರಿನ ಕೊರತೆ ನೀಗಲಿಲ್ಲ. ಕುಡಿಯಲು ನೀರೇ ಬೇಕಾಯಿತು. ಮರುಭೂಮಿಯ ಹಾವಿನ ಪಾಡೇ ಇದಾದರೆ, ಕಾಡಿನಂಚಿನಿಂದ ಬಂದದ್ದರ ಮಾತೇನು? ಕಡಲಲ್ಲೇ ಬಾಳುವ ಹಳದಿಹೊಟ್ಟೆಯ ಕಡಲ ಹಾವು ಕೂಡ ಸುತ್ತಲಿನ ಉಪ್ಪುನೀರು ಕುಡಿಯುವುದಿಲ್ಲ. ಮಳೆ ಸುರಿದಾಗ ಕಡಲ ಮೇಲೆ ತೆಳುವಾಗಿ ನಿಲ್ಲುವ ಸಿಹಿನೀರಿಗೆ ಕಾಯುತ್ತದೆ, ಅಲ್ಲಿಯವರೆಗೆ ಬಾಯಾರಿಕೆ ತಡೆದುಕೊಳ್ಳುತ್ತದೆ.

ನಿಮ್ಮ ಹಾವಿಗೆ ನೀರು ಸಾಲುತ್ತಿದೆಯೇ ಎಂದು ತಿಳಿಯಲು ಅದರ ಹಿಕ್ಕೆ ನೋಡಿ. ಹಾವು ಮೂತ್ರವನ್ನು ಬಹುಪಾಲು ಯೂರಿಕ್ ಆಮ್ಲದ ಗಟ್ಟಿಯಾಗಿ ಹೊರಹಾಕುತ್ತದೆ. ಅದು ಬೆಳ್ಳಗೆ, ಒದ್ದೆಯಾಗಿ, ಮೆತ್ತಗಿದ್ದರೆ ಚಿಂತೆಯಿಲ್ಲ. ಒಣಗಿ ಸುಣ್ಣದ ಹೆಂಟೆಯಂತಾಗಿ ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದೆಂದು ಅನುಮಾನಿಸಬೇಕು. ಮೈಯ ಪಕ್ಕದಲ್ಲಿ ಚರ್ಮ ನೆರಿಗೆಗಟ್ಟುವುದು, ಕಣ್ಣು ಗುಳಿಬೀಳುವುದು, ಬಾಯೊಳಗೆ ಜೊಲ್ಲು ಅಂಟಂಟಾಗುವುದು ಇನ್ನಷ್ಟು ಸ್ಪಷ್ಟ ಸೂಚನೆಗಳು.

ಹಾವು ನಾಲಿಗೆಯಿಂದ ನೆಕ್ಕಿ ಕುಡಿಯುತ್ತದೆ, ಅದರ ಪೆಟ್ಟಿಗೆಯ ಗಾಜಿಗೆ ನಾಲ್ಕು ಹನಿ ಸಿಂಪಡಿಸಿದರೆ ಸಾಕು ಎಂಬ ಭಾವನೆ.

ವಾಸ್ತವ: ಸೀಳು ನಾಲಿಗೆ ಇರುವುದು ವಾಸನೆ ಹಿಡಿಯಲು. ಕುಡಿಯುವ ಹಾವನ್ನು ಹತ್ತಿರದಿಂದ ನೋಡಿ: ಮೂತಿಯ ತುದಿ ಮಾತ್ರ ನೀರಿಗೆ ತಾಕಿರುತ್ತದೆ, ನಾಲಿಗೆ ಒಳಗೇ ಇರುತ್ತದೆ, ದವಡೆ ಕಂಡೂ ಕಾಣದಷ್ಟು ಮಿಡಿಯುತ್ತದೆ, ಗಂಟಲಲ್ಲಿ ಒಂದು ಸಣ್ಣ ಅಲೆ ಹಿಂದಕ್ಕೆ ಸಾಗುತ್ತಿರುತ್ತದೆ. ಕೆಲವು ಜಾತಿಗಳಲ್ಲಿ ಕೆಳದವಡೆಯ ಒಳಚರ್ಮದ ಮಡಿಕೆಗಳು ಸ್ಪಂಜಿನಂತೆ ನೀರೆಳೆದುಕೊಳ್ಳುತ್ತವೆ ಎಂದು ಅಮೆರಿಕದ ಜೀವವಿಜ್ಞಾನಿ ಡೇವಿಡ್ ಕಂಡಲ್ 2012ರಲ್ಲಿ ವಿವರಿಸಿದರು. ಇದಕ್ಕೆ ಬಟ್ಟಲು ತುಂಬ ನೀರು ಬೇಕು. ಮರದ ಮೇಲೆ ಬದುಕುವ ಗ್ರೀನ್ ಟ್ರೀ ಪೈಥಾನ್ ತನ್ನ ಸುರುಳಿಯ ಮೇಲೆ ನಿಂತ ಹನಿಗಳನ್ನು ಕುಡಿಯುತ್ತದೆ ನಿಜ, ಅದಕ್ಕೆ ಸಿಂಪಡಿಕೆ ಬೇಕು. ಅದಕ್ಕೂ ಬಟ್ಟಲು ಇದ್ದೇ ಇರಲಿ.

ಎಲ್ಲ ಹಾವೂ ಈಜುತ್ತವೆ. ವಾರಕ್ಕೊಮ್ಮೆ ಟಬ್ಬಿನಲ್ಲಿ ಬಿಟ್ಟರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ರೂಢಿ.

ವಾಸ್ತವ: ಅತಿ ಕಾಳಜಿಯ ಅಪಾಯ ಇರುವುದು ಇಲ್ಲಿ. ಈಜು ಬರುತ್ತದೆ ಎಂದ ಮಾತ್ರಕ್ಕೆ ಮುಳುಗುವುದಿಲ್ಲ ಎಂದಲ್ಲ. ಹಾವು ಉಸಿರಾಡುವುದು ಶ್ವಾಸಕೋಶದಿಂದ. ನುಣುಪು ಗೋಡೆಯ ಟಬ್ಬಿನಲ್ಲಿ ಹತ್ತಿ ಬರಲು ಆಸರೆಯಿಲ್ಲದೆ ಈಜೀ ಈಜೀ ಸೋತ ಹಾವು ಸಾಯುತ್ತದೆ. ಮುಚ್ಚಳ ಹಾಕಿದ ಡಬ್ಬಿಯಲ್ಲಿ ನೀರು ತುಂಬಿಸಿ ಕೂರಿಸುವ ಪದ್ಧತಿಯಂತೂ ಇನ್ನೂ ಕೆಟ್ಟದ್ದು. ಆರೋಗ್ಯವಾಗಿರುವ ಬಾಲ್ ಪೈಥಾನ್‌ಗಾಗಲಿ ಕಾರ್ನ್ ಸ್ನೇಕ್‌ಗಾಗಲಿ ನಿಯಮಿತ ಸ್ನಾನ ಬೇಕೇ ಇಲ್ಲ. ಹಿಡಿದು ನೀರಿಗೆ ಬಿಡುವುದು ಅದಕ್ಕೆ ಬರೀ ದಿಗಿಲು. ಊಟವಾಗಿ ಎರಡು ದಿನವೂ ಆಗದ ಹಾವನ್ನು ಹೀಗೆ ಎತ್ತಿದರೆ ನುಂಗಿದ್ದನ್ನೆಲ್ಲ ಕಕ್ಕಿಬಿಡಬಹುದು.

ಪೊರೆ ಅಂಟಿಕೊಂಡಾಗ ಸ್ನಾನ ಉಪಯೋಗಕ್ಕೆ ಬರುತ್ತದೆ. ನೀರು ಉಗುರುಬೆಚ್ಚಗಿರಲಿ, 28–30 ಡಿಗ್ರಿ ಸೆಲ್ಸಿಯಸ್. ಆಳ ಹಾವಿನ ಮೈ ದಪ್ಪದ ಅರ್ಧದಷ್ಟು ಸಾಕು. ಹಿಡಿತಕ್ಕೆ ಒಂದು ಟವೆಲ್ ಹಾಸಿ. ಇಪ್ಪತ್ತು ನಿಮಿಷ, ಅಷ್ಟೂ ಹೊತ್ತು ನೀವು ಅಲ್ಲೇ ಇರಬೇಕು. ಫೋನ್ ಬಂತೆಂದು ಎದ್ದು ಹೋಗಬೇಡಿ. ಬಾಲದ ತುದಿಯಲ್ಲಿ ಉಳಿದ ಪೊರೆ ಬಿಗಿದು ರಕ್ತ ಹರಿಯುವುದನ್ನೇ ತಡೆಯಬಹುದು, ಆದ್ದರಿಂದ ಅಲ್ಲಿ ಪರೀಕ್ಷಿಸಿ. ಕಣ್ಣಿನ ಮೇಲಿನದನ್ನು ಉಗುರಿನಿಂದ ಕೀಳಲು ಹೋಗದೆ ವೈದ್ಯರಿಗೆ ಬಿಡಿ. ಪೊರೆ ಪದೇ ಪದೇ ಅಂಟುತ್ತಿದ್ದರೆ ಪೆಟ್ಟಿಗೆಯ ತೇವಾಂಶ ಸರಿಯಿಲ್ಲ ಎಂದರ್ಥ. ಬಾಲ್ ಪೈಥಾನ್‌ಗೆ ಶೇಕಡಾ 55ರಿಂದ 70 ಬೇಕು. ಒದ್ದೆ ಪಾಚಿ ತುಂಬಿದ ಒಂದು ಅಡಗುಡಬ್ಬಿ ಇಟ್ಟರೆ ಅದು ತನಗೆ ಬೇಕಾದಾಗ ಹೋಗಿ ಮಲಗುತ್ತದೆ. ಹಾಗೆಂದು ಹಾಸನ್ನೆಲ್ಲ ಸದಾ ತೋಯಿಸಿಟ್ಟರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ.

ತಾನಾಗಿಯೇ ದಿನವಿಡೀ ನೀರಿನ ಬಟ್ಟಲಲ್ಲಿ ಸುತ್ತಿಕೊಂಡು ಬಿದ್ದಿರುವ ಹಾವು ಸುಖವಾಗಿದೆ ಎಂದೇ ನಾವು ತಿಳಿಯುತ್ತೇವೆ. ಪೊರೆ ಬಿಡುವ ಕಾಲವಲ್ಲದಿದ್ದರೆ, ಬಿಸಿ ಹೆಚ್ಚಾಗಿದೆಯೇ ಎಂದು ಮೊದಲು ಪೆಟ್ಟಿಗೆಯ ಉಷ್ಣತೆ ಅಳೆಯಿರಿ. ಆಮೇಲೆ ನೀರಿನ ತಳ ನೋಡಿ. ಗಸಗಸೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಂಡರೆ ಅವು ಮುಳುಗಿ ಸತ್ತ ನುಸಿಗಳು. ರಕ್ತ ಹೀರುವ ಅವುಗಳ ಕಾಟ ತಾಳಲಾರದೆ ಹಾವು ನೀರಿಗಿಳಿದಿರುತ್ತದೆ.

ಕುಡಿಯದ ಹಾವಿಗೆ ಸಿರಿಂಜಿನಿಂದ ನೀರು ಹನಿಸಬೇಕು ಎಂಬ ಸಲಹೆ.

ವಾಸ್ತವ: ಬೇಡ. ಹಾವಿನ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಹಿಂದೆಯೇ, ಬಾಯಿಯ ಮುಂಭಾಗದಲ್ಲಿ. ನೀವು ಹನಿಸಿದ್ದು ನೇರ ಅಲ್ಲಿಗೆ ಇಳಿಯಬಹುದು. ವೈದ್ಯರು ಅದನ್ನು ದಾಟಿಸಿ ಹೊಟ್ಟೆಗೇ ನಳಿಗೆ ಇಳಿಸುತ್ತಾರೆ. ಅದು ಕಲಿತವರ ಕೆಲಸ.

ನಲ್ಲಿ ನೀರಿನ ಕ್ಲೋರಿನ್ ಹಾವಿಗೆ ವಿಷ, ಫಿಲ್ಟರ್ ನೀರಾದರೆ ಭಯವಿಲ್ಲ ಎಂಬ ಆತಂಕ.

ವಾಸ್ತವ: ಮನುಷ್ಯರು ಕುಡಿಯಬಹುದಾದ ನೀರನ್ನು ಹಾವೂ ಕುಡಿಯಬಹುದು. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಒಂದು ದಿನ ತೆರೆದಿಟ್ಟು ಕೊಡಿ, ಕ್ಲೋರಿನ್ ಹೋಗುತ್ತದೆ; ಅಮೆರಿಕದ ಹಲವು ಊರುಗಳಲ್ಲಿ ಬಳಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ ಎಂಬುದೂ ತಿಳಿದಿರಲಿ. ನಿಜವಾದ ಅಪಾಯ ಇರುವುದು ಬಟ್ಟಲಿನಲ್ಲೇ. ಎಷ್ಟೇ ಶುದ್ಧ ನೀರು ತಂದರೂ ಮೂರು ದಿನ ಬಿಟ್ಟರೆ ಬಟ್ಟಲಿನ ಒಳಗೋಡೆ ಬೆರಳಿಗೆ ಲೋಳೆಲೋಳೆಯಾಗುತ್ತದೆ. ಆ ಲೋಳೆ ಬ್ಯಾಕ್ಟೀರಿಯಾಗಳ ಮನೆ. ನೀರನ್ನು ದಿನಾ ಬದಲಿಸಿ, ಬಟ್ಟಲನ್ನು ಸೋಪು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ, ನೀರಲ್ಲೇ ಹಿಕ್ಕೆ ಹಾಕಿದ್ದರೆ ಆ ಕ್ಷಣವೇ ತೊಳೆಯಿರಿ. ಫಿನಾಯಿಲ್ ಮುಟ್ಟಿಸಬೇಡಿ, ಸರೀಸೃಪಗಳಿಗೆ ಅದು ವಿಷ. ತೊಳೆಯುವ ಜಾಗ ಅಡುಗೆಮನೆಯ ಸಿಂಕ್ ಆಗದಿರಲಿ: ಆರೋಗ್ಯವಾಗಿ ಕಾಣುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಐದು ವರ್ಷದೊಳಗಿನ ಮಕ್ಕಳನ್ನು ಹಾವಿನಿಂದಲೂ ಅದರ ನೀರಿನಿಂದಲೂ ದೂರವಿಡಬೇಕು.

ಕುಡಿಯುವುದನ್ನು ನಾವು ಕಂಡೇ ಇಲ್ಲ, ಆದ್ದರಿಂದ ಅದು ಕುಡಿಯುತ್ತಿಲ್ಲ ಎಂಬ ಗಾಬರಿ.

ವಾಸ್ತವ: ಬಾಲ್ ಪೈಥಾನ್ ರಾತ್ರಿ ಓಡಾಡುವ ಹಾವು, ಮನೆಯವರೆಲ್ಲ ಮಲಗಿದ ಮೇಲೆ ಕುಡಿಯುತ್ತದೆ. ಬಟ್ಟಲಿನ ನೀರಿನ ಮಟ್ಟವೂ ನಂಬುವಂಥದಲ್ಲ, ಆವಿಯಾಗಿಯೂ ಇಳಿಯುತ್ತದೆ. ಮಗುಚದಷ್ಟು ಭಾರದ ಪಿಂಗಾಣಿ ಬಟ್ಟಲನ್ನು ಪೆಟ್ಟಿಗೆಯ ತಂಪು ಮೂಲೆಯಲ್ಲಿಟ್ಟು ಹಿಕ್ಕೆಯ ಮೇಲೆ ಕಣ್ಣಿಡಿ. ನೆರಿಗೆ ಬಿದ್ದ ಚರ್ಮ, ಗುಳಿಬಿದ್ದ ಕಣ್ಣು ಕಂಡಾಗ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಹತ್ತಿರ ಅದೇ ದಿನ ಕರೆದೊಯ್ಯಿರಿ.